ಒಂಟಿ ಬೀಜ

ಹಣ್ಣೊಂದರೊಳಗೆ ಎರಡು ಬೀಜ,
ಹೊಟ್ಟೆಗೆ ಹೊಟ್ಟೆ ತಾಗಿಸಿ ಮಲಗಿರುತ್ತವೆ, ಸಮಪಾಲು.
ಎಲ್ಲೋ ಒಂದು ಹಣ್ಣಿನಲ್ಲಿ ಒಂದು ಬತ್ತಿ
ಇನ್ನೊಂದು ಅದರ ಜಾಗವನ್ನೂ ಉಂಡು ಗುಂಡಗಾಗುತ್ತದೆ.
ಪೀಬೆರಿ ಅಂತಾರೆ. ಬೆಲೆ ಜಾಸ್ತಿ.
ಇಪ್ಪತ್ತೆರಡು ವರ್ಷ ಆರಿಸಿದ್ದೇನೆ ಅದನ್ನ,
ಹಾಸನದ ಕ್ಯೂರಿಂಗ್ ಶೆಡ್ಡಿನಲ್ಲಿ,
ಬೀಬಿಜಾನಳ ಎಡಕ್ಕೆ, ಹೊನ್ನಾಜಮ್ಮನ ಬಲಕ್ಕೆ.

ಕರಿ ಬೀಜ, ಮುರುಕು, ಹುಳ ಕೊರೆದದ್ದು,
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತು.
ರಿಜಿಸ್ಟರಿನಲ್ಲಿ ಇದು ಹಗುರ ಕೆಲಸ.
ಮೂಟೆ ಹೊರುವುದು, ಮಿಷನ್ನಿಗೆ ಸುರಿಯುವುದು ಭಾರ.
ತಕ್ಕಡಿ ಯಾರದು ಅಂತ ಕೇಳಿದ್ದಕ್ಕೆ
ರೈಟರು ಪೆನ್ನಿನ ಕ್ಯಾಪು ಕಚ್ಚಿಕೊಂಡು ನಕ್ಕ.

ರೇಟು ಏರಿದ ವರ್ಷ ಲಾರಿಗಳು ಬಿ.ಎಂ. ರಸ್ತೆವರೆಗೆ ನಿಂತವು.
ನನ್ನ ಗಂಡ ಮೊಗಣ್ಣನಿಗೆ ರಾತ್ರಿ ಪಾಳಿ, ಓಟಿ, ಡಬಲ್.
ನಮ್ಮನ್ನು ಆರಕ್ಕೇ ಗೇಟಿನಾಚೆ ಬಿಟ್ಟರು:
ಹೆಂಗಸರಿಗೆ ರಾತ್ರಿ ಒಳ್ಳೇದಲ್ಲವಂತೆ.
ಹನ್ನೊಂದರವರೆಗೆ ಅವನ ಬುತ್ತಿ ಕಟ್ಟಿ
ಬಚ್ಚಲಲ್ಲಿ ಪಾತ್ರೆ ಉಜ್ಜಿದೆ. ಅದು ರಾತ್ರಿಯಲ್ಲವೇನೋ.
ಆ ತಿಂಗಳು ಅವನ ಕವರು ನನ್ನದರ ಎರಡರಷ್ಟು ದಪ್ಪ.
ಸ್ಟೀಲ್ ಬೀರು ಬಂತು.
ಕೀಲಿ ಅವನ ಉಡುದಾರದಲ್ಲಿ.

ಆಮೇಲೆ ಬ್ರೆಜಿಲ್ಲಿನಲ್ಲಿ ಬೆಳೆ ಚೆನ್ನಾಗಿ ಬಂತಂತೆ.
ಅಲ್ಲಿ ಆರಿಸುವವಳಿಗೆ ಎಷ್ಟು ಕೊಡುತ್ತಾರೋ.
ಇಲ್ಲಿ ಓಟಿ ಹೋಯಿತು, ಪಾಳಿ ಹೋಯಿತು, ವಾರಕ್ಕೆ ನಾಲ್ಕೇ ದಿನ.
ಯುಗಾದಿಯ ತಿಂಗಳು ಎರಡೂ ಕವರನ್ನು
ಒಲೆಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟೆವು.
ನೂರೆಂಬತ್ತು ರೂಪಾಯಿ ವ್ಯತ್ಯಾಸ, ಅಷ್ಟೇ.
ಮದುವೆಯಾದ ಮೇಲೆ ಅಷ್ಟು ಹತ್ತಿರ ನಾವು ಬಂದಿರಲಿಲ್ಲ.
ಅವನು ಎರಡು ಸಲ ಎಣಿಸಿದ, ಮಾತಾಡಲಿಲ್ಲ.
ಎದ್ದು ಹೋಗಿ ಟೀ ಕಾಸಿದ, ಸಕ್ಕರೆ ಮರೆತ.
ಕುಡಿದೆ. ಚೆನ್ನಾಗಿದೆ ಅಂದೆ.

ಮುಂದಿನ ಸೋಮವಾರ ರೈಟರು ನಮ್ಮ ಸಾಲಿಗೆ ಬಂದ:
ಹೇಳಿಕಳಿಸೋವರೆಗೂ ಬರಬೇಡಿ.
ಮೂವತ್ತೊಂದು ಹೆಂಗಸರು. ಗಂಡಸರಲ್ಲಿ ಇಬ್ಬರು.
ಹೊನ್ನಾಜಮ್ಮ ಮಡಿಲು ಕೊಡವಿ ಎದ್ದಳು,
ನಾಲ್ಕು ಬೀಜ ನೆಲಕ್ಕೆ ಬಿದ್ದವು,
ಬಗ್ಗಿ ಆರಿಸಿ ತಟ್ಟೆಗೆ ಹಾಕಿದಳು. ಅಭ್ಯಾಸ.

ರೇಟು ಮತ್ತೆ ಏರಿದೆ. ಲಾರಿಗಳು ಮತ್ತೆ ನಿಂತಿವೆ.
ನಮ್ಮ ಸಾಲಿನ ಜಾಗದಲ್ಲಿ ಬಣ್ಣ ನೋಡುವ ಮಿಷನ್ನು,
ಅದರ ಗುಂಡಿ ಒತ್ತಲು ಹಾಲುಗೆನ್ನೆಯ ಹುಡುಗನೊಬ್ಬ.
ಸಂಬಳದ ವ್ಯತ್ಯಾಸ ಈಗ ಎಷ್ಟು ಅಂತ ಕೇಳಿದರೆ
ರಿಜಿಸ್ಟರು ತೋರಿಸುತ್ತಾರೆ: ಇಲ್ಲವೇ ಇಲ್ಲ.
ಹೋಲಿಸಲು ಹೆಂಗಸರ ಪುಟವೇ ಇಲ್ಲ.

ನಾನು ಸಂತೆಪೇಟೆಯ ಅಂಗಡಿಗೆ ಕಡಲೆ ಆರಿಸುತ್ತೇನೆ,
ಕಿಲೋಗೆ ಎರಡು ರೂಪಾಯಿ.
ಮೊಗಣ್ಣ ರಾತ್ರಿ ಪಾಳಿಗೆ ಹೋಗಿದ್ದಾನೆ.
ಬೀರುವಿನ ಕೀಲಿ ಬಾಗಿಲ ಮೊಳೆಗೆ ನೇತುಹಾಕಿದ್ದಾನೆ,
ಆ ಸಕ್ಕರೆಯಿಲ್ಲದ ಟೀ ದಿನದಿಂದ.
ಇನ್ನೂ ತೆಗೆದು ನೋಡಿಲ್ಲ ನಾನು.