ಕೈಗುಣದ ಅವಧಿ

ನಾನು ಯಾರ ಬೆನ್ನನ್ನೂ ಮುಟ್ಟಿದವಳಲ್ಲ.
ಬಾಗಿಲ ಬಳಿ ಮಡಿಸುವ ಮೇಜು ಹಾಕಿಕೊಂಡು
ಒಳಹೋದವರ, ಹೊರಬಂದವರ ಸಮಯ ಬರೆಯುವವಳು.
ಐವತ್ತು ನಿಮಿಷ ಕೂತರೆ ಒಂದು ಗಂಟೆ.
ನಲವತ್ತಾರು ಕೂತವರಿಗೆ
ಸೊನ್ನೆ.
ಲೆಕ್ಕ ನನ್ನದಲ್ಲ, ಮಂಡಳಿಯದು.

ನಾರ್ತ್ ಡಕೋಟಾದ ಮೋಟೆಲ್, ಫೆಬ್ರವರಿ, ಶನಿವಾರ.
ಇಂಜಿನ್ ಹೆಪ್ಪುಗಟ್ಟದಿರಲೆಂದು
ಟ್ರಕ್ಕುಗಳ ಮೂತಿಯಿಂದ ಕರೆಂಟಿನ ವೈರು ಜೋತಿವೆ.
ಒಳಗೆ ಮೂವತ್ತೊಂದು ಕೈರೋಪ್ರಾಕ್ಟರುಗಳು,
ಊರೂರಿನ ಬೆನ್ನು ನೆಟ್ಟಗೆ ಮಾಡುವವರು,
ಕುರ್ಚಿಗಳಲ್ಲಿ
ಒದ್ದೆ ಮೂಟೆಗಳ ಹಾಗೆ ಕುಸಿದು ಕೂತಿದ್ದಾರೆ.
ನನಗೆ ನಗು. ಪೆನ್ನು ಕಚ್ಚಿಕೊಂಡೆ.

ಬೆಳಗ್ಗೆ ನೀತಿಪಾಠ, ಎರಡು ಗಂಟೆ, ಕಡ್ಡಾಯ.
ಒಬ್ಬ ಫೋನಿನಲ್ಲಿ ಕೆರೆಯ ಮಂಜಿನ ದಪ್ಪ ನೋಡುತ್ತಾನೆ, ಮೀನಿಗೆ.
ಒಬ್ಬಳು ಉಣ್ಣೆ ಟೋಪಿ ಹೆಣೆಯುತ್ತಾಳೆ,
ಕುಣಿಕೆ ಎಣಿಸುವ ಅವಳ ತುಟಿ
ಪಾಠ ಒಪ್ಪಿಸುವಂತೆ ಕಾಣುತ್ತದೆ.
ಕೊಕ್ಕೆಗೆ ನೇತುಹಾಕಿದ ಪ್ಲಾಸ್ಟಿಕ್ ಬೆನ್ನುಮೂಳೆ
ಹೀಟರಿನ ಗಾಳಿಗೆ ಅತ್ತಿತ್ತ ತಿರುಗಿ
ಇಲ್ಲ, ಇಲ್ಲ ಎನ್ನುತ್ತದೆ.

ಮೂರನೆಯ ಸಾಲಿನಲ್ಲಿ ವರ್ಲಿನ್ ಸ್ಕೋಗ್‌ಸ್ಟಾಡ್, ಎಪ್ಪತ್ತೊಂದು.
ನಲವತ್ತನಾಲ್ಕು ವರ್ಷ ಒಂದೇ ಕ್ಲಿನಿಕ್, ಒಂದೇ ಜೋಡಿ ಅಂಗೈ.
ಕಾಫಿಗೆ ನಿಂತಾಗ ಕೇಳಿದ್ದ:
"ಕೈಗುಣಕ್ಕೂ ಅವಧಿ ಮುಗಿಯುತ್ತಾ ಆರ್ಲಿಸ್,
ಹಾಲಿನ ಡಬ್ಬದ ಹಾಗೆ?"
ಮುಗಿಯುತ್ತೆ, ಡಿಸೆಂಬರ್ ಮೂವತ್ತೊಂದಕ್ಕೆ, ಅಂದೆ.

ಮಧ್ಯಾಹ್ನ ಕತ್ತಿನ ಪಾಠ.
ಹೇಳುವವಳು ಮಿರೆಲಾ ಒಕಾಂಪೊ, ಅವನ ಅರ್ಧ ವಯಸ್ಸು.
"ಮುಟ್ಟುವ ಮೊದಲು ಕೇಳಿ.
ಇಂಥ ನೋವು ಹಿಂದೆಂದಾದರೂ ಬಂದಿತ್ತಾ?
ಎರಡೆರಡು ಕಾಣುತ್ತಾ? ನುಂಗಲು ಕಷ್ಟವಾ?
ಹೌದು ಅಂದರೆ ಕೈ ತೆಗೆಯಿರಿ. ಆಂಬುಲೆನ್ಸ್ ಕರೆಯಿರಿ."
ಕತ್ತಿನ ಮೂಳೆಯ ತೂತುಗಳಲ್ಲಿ
ಪೋಣಿಸಿದ ದಾರದಂತೆ ಏರುವ ರಕ್ತನಾಳ
ಪರದೆಯ ಮೇಲೆ ಕೆಂಪಗೆ ಬೆಳಗಿತು.
ಒಳಪದರ ಹರಿದರೆ ಹೀಗೆ, ಎಂದಳು.

ವರ್ಲಿನ್ ಕೈ ಎತ್ತಿದ.
"ಇದು ಯಾವಾಗಿನಿಂದ ಗೊತ್ತಿತ್ತು?"
ಅವಳೊಂದು ಇಸವಿ ಹೇಳಿದಳು.
ಅವನು ಬೆರಳು ಮಡಚಿ ಎಣಿಸಿದ.
ನಿಲ್ಲಿಸಿದ. ಮತ್ತೆ ಮೊದಲಿಂದ ಎಣಿಸಿದ.

ಐದಕ್ಕೆ ಎಲ್ಲರೂ ಪ್ರಮಾಣಪತ್ರ ಕಸಿದುಕೊಂಡು ಹೋದರು.
ಅವನ ಅರ್ಜಿ ತಿರುವಿದೆ:
ಕ್ಲಿನಿಕ್ ಮಾರಿದ್ದಾನೆ, ಮಾರ್ಚಿಗೆ ನಿವೃತ್ತಿ.
ಈ ಗಂಟೆಗಳು ಅವನಿಗೆ ಬೇಕೇ ಇಲ್ಲ.
"ಮತ್ತೆ ಯಾಕೆ ಬಂದೆ, ಇಂಥ ಚಳಿಯಲ್ಲಿ?"
"ಮನೆಯಲ್ಲಿ ಹೆಂಡತಿಯ ಇಸ್ಪೀಟು ಗುಂಪು ಸೇರಿದೆ."
ಸುಳ್ಳೆಂದು ಇಬ್ಬರಿಗೂ ಗೊತ್ತು.

ಟೋಪಿಯನ್ನು ಕಿವಿಗೆ ಎಳೆದುಕೊಂಡ.
ಒಂದು ಹೆಸರು ಹೇಳಿದ, ಹೆಂಗಸಿನದು,
ನನಗಲ್ಲ, ಗಾಜಿನ ಬಾಗಿಲಿಗೆ.
ಗಾಜು ಮಸುಕಾಯಿತು.
"ಬೀಟ್ ಟ್ರಕ್ಕು ಓಡಿಸುತ್ತಿದ್ದಳು.
ಡಾಕ್ಟ್ರೇ, ಎರಡೆರಡು ಕಾಣ್ತಿದೆ ಅಂದಳು.
ನಿದ್ದೆ ಸಾಲದು ಅಂದೆ ನಾನು."

ಹೊರಹೋದ ಸಮಯ ಐದೂ ಮೂವತ್ತೇಳು.
ಆ ಮೂವತ್ತೇಳಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇಲ್ಲ.
ಕಿಟಕಿಯಾಚೆ ಅವನು ಬಗ್ಗಿ, ವೈರು ಕಿತ್ತು,
ಅಂಗೈಯಿಂದ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ.
ಏಳುವಾಗ ಸೊಂಟಕ್ಕೆ ಕೈ ಹೋಯಿತು,
ಒತ್ತಲಿಲ್ಲ, ಸುಮ್ಮನೆ ಅಲ್ಲಿಟ್ಟುಕೊಂಡ.