ನೀಲಿ ಮೂಲೆ

ಕೌಲ್ ಬಜಾರಿನಲ್ಲಿ ಸುಂಕಮ್ಮನ ಬಂಡಿಯ ಮುಂದೆ
ರಾತ್ರಿ ಹನ್ನೊಂದಾದರೂ ಎಣ್ಣೆ ಆರಿಲ್ಲ.
ಎಣ್ಣೆಗಿಂತ ಬಿಸಿ ಮಾತು:
ಹೊನ್ನೂರವಲಿ ಗೆದ್ದದ್ದು ಕೈಯಿಂದಲೋ, ಬಾಯಿಂದಲೋ?

ಗಾದಿಲಿಂಗ ಎದ್ದು ನಿಂತು ತೋರಿಸುತ್ತಾನೆ,
ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಗದ್ದಕ್ಕೆ ಕಾವಲು:
"ಹಿಂಗ್ ಬಂದ, ಹಿಂಗ್ ಬಗ್ಗಿದ,
ಎಡಗೈ ಎಲ್ಲಿತ್ತು, ಯಾವಾಗ್ ಬಂತು, ಯಾರಿಗ್ ಗೊತ್ತು?
ಇಷ್ಟ್ ಚೆಂದ ಹೊಡೆಯೋನು ಏನಂದ್ರೂ ನಡೀತೈತೆ ಬಿಡು."
ನಾಲ್ಕು ಕಾಳು ಹುಲುಗಪ್ಪನ ತಲೆಯ ಮೇಲೆ ಚೆಲ್ಲಿದವು.

ಹುಲುಗಪ್ಪ ಒರೆಸಿಕೊಳ್ಳುವುದಿಲ್ಲ. ಅಷ್ಟು ಸಿಟ್ಟು.
"ಸಿರುಗುಪ್ಪದ ಹುಡುಗಗ ಏನಂದ ಕೇಳಿದ್ಯಾ?
ನಿಮ್ಮವ್ವ ಗದ್ದಿ ನಾಟಿಗೆ ಬಗ್ಗಿದಂಗ ಬಗ್ಗಬ್ಯಾಡಲೇ, ಅಂದ.
ಎಲ್ಲಾರ ಮುಂದ. ಮೈಕಿನವನೂ ನಕ್ಕ.
ಹೊಡಿ, ಬ್ಯಾಡನ್ನಂಗಿಲ್ಲ.
ತಾಯಿನ್ಯಾಕ ಹಗ್ಗದೊಳಗ ಎಳಿತಿ?"

"ಬಾಯಿ ಅಂದ್ರ ಮೂರನೇ ಮುಷ್ಟಿ" ಅಂತಾನೆ ಖಾಜಾಬನ್ನಿ.
"ಹಂಗಾರ ಅದಕ್ಕೂ ಗ್ಲೌಸ್ ಹಾಕ್ರಿ" ಅಂತಾಳೆ ಸುಂಕಮ್ಮ, ಝಾರಿ ಎತ್ತುತ್ತಾ.
ಯಾರೂ ತಿರುಗಿ ಆಡಲಿಲ್ಲ.
ಎಲ್ಲರದೂ ಅವಳಲ್ಲಿ ಬಾಕಿ ಇದೆ.

ಮಾರೆಣ್ಣ ಒಳ್ಳೆಯವನು, ಅಷ್ಟು ಒಪ್ಪಿತ.
ಒಳಗೆ ಬರುವಾಗ ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡ,
ರೆಫರಿಗೆ ಕೈ ಮುಗಿದ,
ಹೊನ್ನೂರನ ಕಾಲು ಜಾರಿದಾಗ ಎರಡು ಹೆಜ್ಜೆ ಹಿಂದೆ ಸರಿದು ಕಾದ,
ಸೋತ ಮೇಲೂ ಅಪ್ಪಿಕೊಂಡ.
ಅಂಥವನ ಸೋಲಿಗೆ ಚಹಾ ಒಂದು ಸುತ್ತು ಹೆಚ್ಚೇ ಖರ್ಚು.

ಪಂಪಾಪತಿಗೆ ಎಪ್ಪತ್ತು ದಾಟಿದೆ,
ಗುಂತಕಲ್ಲಿನ ರೈಲ್ವೆ ಮೈದಾನದಲ್ಲಿ ಅರ್ಧ ಮೂಗು ಬಿಟ್ಟು ಬಂದವನು.
"ನಮ್ ಕಾಲ್ದಾಗ..." ಎಂದು ಶುರುಮಾಡಿ
ಬಜ್ಜಿಯ ತೊಟ್ಟಿನ ತನಕ ಕಚ್ಚಿ
ಖಾರಕ್ಕೆ ನಿಲ್ಲಿಸಿದ.

ನಾನು ಬಾಯಿ ಬಿಟ್ಟಿಲ್ಲ.
ನನ್ನ ಕೈ ಮಣಿಕಟ್ಟಿನವರೆಗೂ ನೀಲಿ,
ಜೀನ್ಸ್ ತೊಳೆಯುವ ಶೆಡ್ಡಿನ ನೀಲಿ, ಯಾವ ಸೋಪಿಗೂ ಬಿಡದ್ದು.
ಊರ ಹೊರಗಿನ ಹುಡುಗನಿಗೆ ಬಕೆಟ್ಟು ಹಿಡಿಯುವವರಿಲ್ಲ ಅಂದಾಗ
ಯಾರೋ ಕೂಗಿದರು: ನೀಲಿ ಕೈಯವನು ನೀಲಿ ಮೂಲೆಗೇ ಹೋಗಲಿ.
ಹೋದೆ. ಸ್ಪಂಜು, ಸ್ಟೂಲು, ಬಾಟಲಿ.
ನೋಡಿದವರು ಮುನ್ನೂರು ಜನ.
ಕಿವಿಯಳತೆಯಲ್ಲಿ ನಿಂತವನು ನಾನೊಬ್ಬ.

ಎರಡನೇ ಸುತ್ತು. ಇಬ್ಬರೂ ತೆಕ್ಕೆಬಿದ್ದು ನಮ್ಮ ಮೂಲೆಗೆ ಒರಗಿದರು.
ರೆಫರಿ ಆ ಕಡೆ.
ಮಾರೆಣ್ಣನ ಹಿಮ್ಮಡಿ ಹೊನ್ನೂರನ ಪಾದದ ಮೇಲೆ.
ಜಾರಿ ಬಿದ್ದದ್ದಲ್ಲ, ಇಟ್ಟದ್ದು.
ಹೊಲಿಗೆ ಮಿಷನ್ನಿನ ಪೆಡಲಿನಂತೆ ಎರಡು ಸಲ ಒತ್ತಿದ್ದು.
ಹೊನ್ನೂರ ನರಳಲಿಲ್ಲ.
ಗಾರ್ಡು ಕಚ್ಚಿದ ಬಾಯಿಂದಲೇ,
ಉಣ್ಣಲು ಕೂತವನಿಗೆ ಹೇಳುವ ದನಿಯಲ್ಲಿ ಅಂದ:
"ಹುಬ್ಬು ಹರದೈತಲೇ. ಬಲಗೈ ಮ್ಯಾಲೆ ಇಟ್ಕೋ."

ಹಾಗೆ ಹೇಳಿದವನು
ಮೂರನೇ ಸುತ್ತಿನಲ್ಲಿ, ಆ ಬಲಗೈ ಒಂದು ಗೇಣು ಇಳಿದ ಗಳಿಗೆ,
ಅದೇ ಹುಬ್ಬಿಗೆ ಹೊಡೆದ.
ಗಾದಿಲಿಂಗ ಮಂಡಕ್ಕಿ ಚೆಲ್ಲಿ ತೋರಿಸಿದ್ದು ಆ ಏಟನ್ನೇ.

ಆಮೇಲೆ ಹುಬ್ಬು ಒತ್ತಿ ಹಿಡಿದಾಗ ಮಾರೆಣ್ಣ ಕೇಳಿದ:
"ಅವ ಅಂದಿದ್ದು ಕೇಳಿಸ್ತಾ ನಿನಗ?"
ಇಲ್ಲ ಅಂದೆ.
ತಡೆದು, ತಡೆದು,
"ನಾ ತುಳದಿದ್ದು?"
ಅದೂ ಇಲ್ಲ ಅಂದೆ.
ನನ್ನ ಬೆರಳ ಸಂದಿನಲ್ಲಿ ನೀಲಿಯ ಮೇಲೆ ಕೆಂಪು ಹರಿದು
ಶೆಡ್ಡಿನಲ್ಲಿ ಎಂದೂ ಕಾಣದ ಬಣ್ಣವಾಯಿತು.

ಈಗ ಹುಲುಗಪ್ಪ ನನ್ನ ಕಡೆ ತಿರುಗುತ್ತಾನೆ.
"ಹತ್ರ ಇದ್ದೋನು ನೀನು. ನೀ ಹೇಳಪ, ಇಬ್ರಾಗ ದೊಡ್ಡೋನ್ಯಾರು?"
ಖಾಜಾಬನ್ನಿ ಅಗಿಯುವುದು ನಿಲ್ಲಿಸಿದ.
ನನ್ನ ಜೇಬಿನಲ್ಲಿ ಮಾರೆಣ್ಣನ ಹಲ್ಲಿನ ಗಾರ್ಡು,
ಕೊಡಲು ಮರೆತದ್ದು, ಇನ್ನೂ ಒದ್ದೆ.
"ಇನ್ನೊಂದು ಪ್ಲೇಟು ಹಾಕಕ್ಕಾ" ಅಂದೆ.

ಸುಂಕಮ್ಮ ಸ್ಟೋವಿನ ಗಾಳಿ ಬಿಟ್ಟಳು.
"ಹಿಟ್ಟು ಮುಗೀತು," ಅಂದಳು,
"ಬಾಕಿ ಹೇಳು."