ಹಿಂಗನ್ನಡಿ

ನಮ್ಮೂರ ಹೆಸರು ವೂಚ್. ಪೋಲಿಷಿನಲ್ಲಿ ಹಾಗೆಂದರೆ ದೋಣಿ.
ನದಿ ಮಾತ್ರ ಕಾಣದು. ಇದ್ದವನ್ನೆಲ್ಲ
ಕೊಳವೆಗೆ ತುರುಕಿ ಮೇಲೆ ಬೀದಿ ಹಾಸಿದರು.
ಆ ಬೀದಿಗಳಲ್ಲಿ ಮೂವತ್ತಮೂರು ವರ್ಷ
ಟ್ರಾಮ್ ಓಡಿಸಿದೆ ನಾನು, ಚೆಸ್ವಾವಾ.
ಸ್ಟಿಯರಿಂಗ್ ಇಲ್ಲದ ಗಾಡಿ ಅದು,
ಎಡಕ್ಕೋ ಬಲಕ್ಕೋ ಎಂದು ಕೈ ಕೇಳುವಂತಿಲ್ಲ;
ಹೊರಡಿಸು, ನಿಲ್ಲಿಸು, ಗಂಟೆ ಒತ್ತು.
ಎಲೆಯುದುರು ಎಂದೇ ಹೆಸರಿರುವ ನಮ್ಮ ನವೆಂಬರಿನಲ್ಲಿ
ಚಕ್ರ ಜಾರದ ಹಾಗೆ ಹಳಿಗೆ ಮರಳು ಉದುರಿಸು.

ನಿವೃತ್ತಿಯ ದಿನ ಡಿಪೋದವರು ಗೋಡೆ ಗಡಿಯಾರ ಕೊಟ್ಟರು.
ಹೊತ್ತು ತಪ್ಪದೆ ಬಂದವಳಿಗೆ ಇನ್ನಷ್ಟು ಹೊತ್ತು!
ಅದರ ಮುಳ್ಳು ನೋಡುತ್ತ ಒಂದು ಚಳಿಗಾಲ ಕೂತೆ.
ಮಾರ್ಚಿನಲ್ಲಿ, ಮೊಣಕಾಲಿಗೆ ಮುಲಾಮು ತರಲು ಹೋದವಳು
ಔಷಧದಂಗಡಿಯ ಗಾಜಿನ ಮೇಲೊಂದು ಚೀಟಿ ಓದಿದೆ:
ಲಿನೋಲಿಯಂ ಕೊರೆದು ಅಚ್ಚು ತೆಗೆಯುವುದು,
ಮಂಗಳವಾರ ಸಂಜೆ, ಹಳೆಯ ನೂಲಿನ ಗಿರಣಿ, ಎರಡನೇ ಮಹಡಿ.
ಮುಲಾಮು ಮರೆತು ಬಂದೆ.

ಅದೇ ಗಿರಣಿಯಲ್ಲಿ ಅಮ್ಮ ಕಡಿದ ಎಳೆ ಕೂಡಿಸುತ್ತಿದ್ದಳು,
ಕಿವಿಯನ್ನು ಯಂತ್ರಗಳಿಗೆ ಕೊಟ್ಟು ಹೊರಬಂದಳು.
ಅವಳ ಕೂಗುಮಾತು ಮೆಟ್ಟಿಲ ಮೇಲೆ
ಒಂದು ಕ್ಷಣ ನನ್ನ ಬೆನ್ನ ಹಿಂದೆ ಬಂತು:
ಈ ವಯಸ್ಸಿಗೆ ಇದೇನೇ ಹೊಸ ಹುಚ್ಚು?

ಮೇಷ್ಟ್ರು ಕಾಯೆತಾನ್. ಮೂವತ್ತು ದಾಟಿಲ್ಲ, ಒಂದು ಕಿವಿಗೆ ಒಂಟಿ.
‘ಏನು ಕೊರೆಯುತ್ತೀರಿ?’
‘ನೋಡಿದ್ದನ್ನು.’
ಮೊದಲ ವಾರ ಹೆಬ್ಬೆರಳು ಕೊರೆದುಕೊಂಡೆ.
ಎರಡನೇ ವಾರ ಉಳಿ ತನ್ನಷ್ಟಕ್ಕೆ
ನೆಟ್ಟಗೆ, ನೆಟ್ಟಗೆ, ಜೋಡಿ ಗೆರೆಯಾಗಿ ಓಡಿತು.
ಅವನು ನಕ್ಕ: ‘ಸ್ವಲ್ಪ ಹಳಿ ತಪ್ಪಿ ನೋಡೋಣ.’
ಈ ಮಾತನ್ನು ಯಾರೂ ಹೇಳಿರಲಿಲ್ಲ ನನಗೆ.
ಹಳಿ ತಪ್ಪಿದ ದಿನ ನಮ್ಮಲ್ಲಿ ಪೊಲೀಸರು ಬರುತ್ತಾರೆ,
ವಿಚಾರಣೆಯ ಕಾಗದ, ಮೂರು ಪ್ರತಿ.

ಎಲ್ಲರಿಗೂ ಕಷ್ಟವಾದದ್ದು ತಿರುವುಮುರುವು.
ಅಚ್ಚಿನಲ್ಲಿ ಎಡಗೈ ಬಲಗೈ ಆಗುತ್ತದೆ,
ಅಕ್ಷರ ಮುಖ ತಿರುಗಿಸಿಕೊಂಡು ನಡೆಯುತ್ತದೆ.
ಪಕ್ಕದ ಮೇಜಿನ ನಿವೃತ್ತ ಬ್ಯಾಂಕಿನವನು
ತನ್ನ ಸಹಿ ಕೊರೆದು, ಒತ್ತಿ, ಬೆಚ್ಚಿಬಿದ್ದ.
ನಾನೊಂದು ಹೆಂಗಸನ್ನು ಕೊರೆದೆ:
ಮೂರನೇ ಸಾಲಿನ ಸೀಟು, ಕ್ರಿಸ್‌ಮಸ್ಸಿನ ಮುನ್ನಾದಿನ,
ಜೀವಂತ ಮೀನಿನ ಬಕೆಟ್ಟು ಮಡಿಲಲ್ಲಿ,
ತಿರುವು ಬಂದಾಗಲೆಲ್ಲ ತುಳುಕುವ ನೀರಿಗೆ
ಅಂಗೈ ಅಡ್ಡ ಹಿಡಿದವಳು.
ಉಳಿ ಒಮ್ಮೆಯೂ ತಡವರಿಸಲಿಲ್ಲ.
‘ಹೇಗೆ?’ ಎಂದ ಕಾಯೆತಾನ್.

ಹೇಗೆಂದರೆ, ಮಗಾ, ಅವರ್ಯಾರನ್ನೂ ನಾನು ನೇರ ಕಂಡವಳೇ ಅಲ್ಲ.
ತಲೆಯ ಮೇಲೆ ಅಂಗೈಯಗಲದ ಒಂದು ಕನ್ನಡಿ,
ಅದರೊಳಗೆ ಊರಿಗೆ ಊರೇ
ಎಡಬಲ ಅದಲುಬದಲಾಗಿ ಹತ್ತಿ ಇಳಿದುಹೋಯಿತು.
ಕಂಡ ಹಾಗೆಯೇ ಕೊರೆದೆ.
ಒತ್ತಿ ಎತ್ತಿದ ಕಾಗದದಲ್ಲಿ ಮೊದಲ ಸಲ
ಅವಳು ತನ್ನ ನಿಜವಾದ ಕೈಯಿಂದ ನೀರು ತಡೆದಿದ್ದಳು.

ಈಗ ಡಿಪೋದ ಗಡಿಯಾರದ ಗಾಜು ಬಿಚ್ಚಿ
ಅದರ ಮೇಲೆ ಮಸಿ ಹರಡುತ್ತೇನೆ. ಸಪಾಟಾಗಿದೆ, ಒಳ್ಳೆಯ ಗಾಜು.
ಮೊನ್ನೆ ಬಚ್ಚಲ ಕನ್ನಡಿ ನೋಡಿ ನನ್ನದೇ ಮುಖ ಕೊರೆದೆ.
ಕಾಗದ ಎತ್ತಿದರೆ ಯಾರೋ.
ಬೈತಲೆ ಆ ಕಡೆ, ಏರಿದ ಹುಬ್ಬು ಈ ಕಡೆ.
ಸಕ್ಕರೆ ಕೇಳಲು ಬಂದ ಮೇಲ್ಮನೆಯ ತೆಕ್ಲಾ
‘ಹೋಲಿಕೆ ಅಂದರೆ ಇದು!’ ಎಂದಳು.
ಇಷ್ಟು ದಿನ ಅವರೆಲ್ಲ ಇವಳನ್ನೇ ನೋಡುತ್ತಿದ್ದರೇನು?

ನಾಳೆ ಮಂಗಳವಾರ.
ಮೀನು ಕೊರೆಯುವುದು ಬಾಕಿ ಇದೆ.
ಬಕೆಟ್ಟಿನ ಒಳಗೆ ಅದು ಹೇಗಿತ್ತೋ,
ನನ್ನ ಕನ್ನಡಿಗೆ ಕಂಡಿರಲೇ ಇಲ್ಲ.